ವಸಂತ ಬಂತೋ, ಬಾರದೋ

ಕೋವಿಡ್ ಕಳೆದು ಆಫೀಸುಗಳು ಮತ್ತೆ ತೆರೆದ ವರ್ಷ ನಾನು ಲಂಡನ್ನಿನ ಅಕ್ಸ್‌ಬ್ರಿಡ್ಜ್‌ನಲ್ಲಿ, ಮೊಬೈಲಿಗಾಗಿ ಜಪಾನೀಸ್–ಇಂಗ್ಲಿಷ್ ನಿಘಂಟು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಸಂಪಾದಕಿಯಾಗಿದ್ದೆ. ಮೈಸೂರಿನ ಕಾಲೇಜು ದಿನಗಳಲ್ಲಿ ಹತ್ತಿದ ಜಪಾನೀಸ್ ಹುಚ್ಚು ನನ್ನನ್ನು ಅಲ್ಲಿಗೆ ತಂದಿತ್ತು.

ಹಳೆಯ ಜಪಾನೀಸಿನ ಕ್ರಿಯಾರೂಪಗಳನ್ನು ನಿಘಂಟಿಗೆ ಸೇರಿಸಬೇಕೇ ಎಂಬ ಚರ್ಚೆ ಆಗ ನಡೆದಿತ್ತು. ಹಳಗನ್ನಡದ ‘ಪೋದಂ’ ಇಂದು ‘ಹೋದ’ ಆದಂತೆ ಅಲ್ಲಿಯೂ ಕ್ರಿಯಾಪದಗಳು ಬದಲಾಗಿವೆ. ಆದರೆ ಪದ್ಯಗಳಲ್ಲಿ, ಹಾರೈಕೆಗಳಲ್ಲಿ ಹಳೆಯ ರೂಪಗಳು ಇನ್ನೂ ಬಳಕೆಯಲ್ಲಿವೆ. ನಾನು ಸೇರಿಸೋಣ ಎನ್ನುತ್ತಿದ್ದೆ. ಕಲಿಯುವವರಿಗೆ ಬೇಕಿರುವುದು ರೈಲು ಟಿಕೆಟ್ ಕೇಳುವಷ್ಟು ಭಾಷೆ, ಸಣ್ಣ ಸ್ಕ್ರೀನಿನಲ್ಲಿ ಹಳೆಯದನ್ನೂ ತುರುಕಿದರೆ ಗೊಂದಲವೇ ಹೆಚ್ಚು ಎನ್ನುತ್ತಾ ನಮ್ಮ ಮ್ಯಾನೇಜರ್ ಹೆಲೆನ್ ಇದಕ್ಕೆ ಒಪ್ಪಿರಲಿಲ್ಲ. ಆಕೆಯ ಮಾತಿನಲ್ಲೂ ಹುರುಳಿತ್ತು.

ಹೌನ್ಸ್ಲೋದ ಫೆಲಿಕ್ಸ್ ನನಗೆ ಕನ್ನಡ ಕೂಟದಲ್ಲಿ ಪರಿಚಯವಾದವರು. ಮಂಗಳೂರು ಕಡೆಯವರು, ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ. ಮಗಳು ಶೆರಲ್‌ಗೆ ಜಪಾನಿನ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಬೀಗರ ಜೊತೆ ನಾಲ್ಕು ಮಾತಾಡಬೇಕೆಂದು ಅವರು ನಮ್ಮ ಆ್ಯಪ್ ಹಿಡಿದು ಕಲಿಯುತ್ತಿದ್ದರು. ಒಂದು ಶನಿವಾರ ರೇನರ್ಸ್ ಲೇನಿನ ಭಾರತೀಯ ದಿನಸಿ ಅಂಗಡಿಯಲ್ಲಿ ಸಿಕ್ಕಾಗ ಅವರ ಮುಖ ಬಾಡಿತ್ತು. ಹುಡುಗನ ಅಜ್ಜ ಕುಂಚದಲ್ಲಿ ಬರೆದು ಕಳಿಸಿದ್ದ ಒಂದು ಸಾಲನ್ನು ಫೋನಿನಲ್ಲಿ ತೋರಿಸಿದರು.

“‘ನಮ್ಮ ಮನೆಗೆ ವಸಂತ ಬಾರದು’ ಅಂತ ಬರೆದಿದ್ದಾರೆ ಮಾರಾಯ್ರೆ. ಅಜ್ಜನಿಗೇ ಅವಳು ಬೇಡವಾದರೆ ಆ ಮನೆಗೆ ನಾನು ಮಗಳನ್ನು ಹೇಗೆ ಕಳಿಸುವುದು?”

ಮಗಳಿಗೆ ಅವರಿನ್ನೂ ಹೇಳಿರಲಿಲ್ಲ. ಸಂಜೆ ಬೀಗರಿಗೆ ಫೋನ್ ಮಾಡಿ ಮದುವೆ ಮುಂದೂಡುವ ಯೋಚನೆಯಲ್ಲಿದ್ದರು.

ನಾನು ಸಾಲನ್ನು ಓದಿದೆ. ಕೊನೆಯ ಕ್ರಿಯಾಪದವನ್ನು ‘ಕೋನು’ ಎಂದು ಓದಿದರೆ ‘ಬಾರದು’. ‘ಕಿನು’ ಎಂದು ಓದಿದರೆ ಅದು ಹಳೆಯ ರೂಪ, ಅರ್ಥ ‘ಬಂದೇಬಿಟ್ಟಿತು’. ಬರೆಯುವುದು ಮಾತ್ರ ಎರಡನ್ನೂ ಒಂದೇ ರೀತಿ. ನಮ್ಮ ನಿಘಂಟಿನಲ್ಲಿ ಇದ್ದದ್ದು ಮೊದಲನೆಯದೊಂದೇ, ಫೆಲಿಕ್ಸ್ ನೋಡಿದ್ದೂ ಅದನ್ನೇ.

ಇಷ್ಟು ವಿವರಿಸಿದರೂ, ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆಂದೇ ಅವರು ತಿಳಿದರು. ಕೊನೆಗೆ ಆ ಸಾಲಿನ ಫೋಟೊವನ್ನು ನಮ್ಮ ಜಪಾನೀಸ್ ಸಂಪಾದಕಿ ಮಿಚಿಕೊಗೆ ಕಳಿಸಿ, ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಆಕೆ ಸಾಲನ್ನು ಎರಡು ಸಲ ಓದಿಕೊಂಡು ಮೆಲ್ಲಗೆ ಹೇಳಿದರು: “ವಸಂತ ಬಂದಿದೆ ಎನ್ನುತ್ತಿದ್ದಾರೆ. ಆ ವಸಂತ ನಿಮ್ಮ ಮಗಳು.”

ಫೆಲಿಕ್ಸ್ ಕೊತ್ತಂಬರಿ ಸೊಪ್ಪಿನ ಕಡೆ ತಿರುಗಿ ನಿಂತು ಕನ್ನಡಕ ಒರೆಸಿಕೊಂಡರು. ಆಮೇಲೆ ಸ್ವೀಟ್ ಬಾಕ್ಸ್ ಕೊಂಡು, ನಾನು ಬೇಡವೆಂದರೂ ನನ್ನ ಚೀಲಕ್ಕೆ ಒಂದನ್ನು ಹಾಕಿದರು.

ಸೋಮವಾರ ಹೆಲೆನ್‌ಗೆ ನಡೆದದ್ದನ್ನು ಹೇಳಿದೆ. ಆಕೆ, “ಬಾರದು ಅಂತ ತೋರಿಸುವ ಜಾಗದಲ್ಲೇ ಬಂತು ಅಂತಲೂ ತೋರಿಸಿ” ಎಂದರು. ಹೀಗೆ ಮುಂದಿನ ಆವೃತ್ತಿಯಲ್ಲಿ, ಬಳಕೆಯ ಕ್ರಿಯಾಪದಗಳ ಕೆಳಗೆ ಬೂದು ಅಕ್ಷರದಲ್ಲಿ ಹಳೆಯ ರೂಪಗಳು ಬಂದವು. ನಾನು, ಮಿಚಿಕೊ ಖುಷಿಯಿಂದ ಬರೆದು ಗುಡ್ಡೆ ಹಾಕಿದ್ದರಲ್ಲಿ ಅರ್ಧವನ್ನು ಹೆಲೆನ್ ಕತ್ತರಿಸಿದರು ಅನ್ನುವುದು ಬೇರೆ ಮಾತು.

ಮದುವೆಗೆ ನಾನೂ ಹೋಗಿದ್ದೆ. ಫೆಲಿಕ್ಸ್ ಎದ್ದು ನಿಂತು ಆ ಸಾಲನ್ನು ಗಟ್ಟಿಯಾಗಿ ಓದಿದರು. ಅಜ್ಜ ಅವರ ಉಚ್ಚಾರ ತಿದ್ದಿ ಮತ್ತೊಮ್ಮೆ ಹೇಳಿಸಿದರು. ಎರಡನೇ ಸಲ ಹೌನ್ಸ್ಲೋದ ನೆಂಟರೆಲ್ಲ ದನಿಗೂಡಿಸಿದರು.

ಯಾರಿಗೆ ಬೇಕು ಇದು ಎಂದು ಒಂದು ರೂಪವನ್ನು ಕೈಬಿಡುವುದು ಸುಲಭ. ಅದನ್ನು ಹುಡುಕಿಕೊಂಡು ಬರುವವರು ಯಾರು, ಯಾವ ಆತಂಕದಲ್ಲಿ ಬರುತ್ತಾರೆ ಎಂಬುದು ಮೇಜಿನ ಮುಂದೆ ಕೂತ ನಮಗೆ ಕಾಣುವುದಿಲ್ಲ. ಕಾಣದ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡುವುದನ್ನು ನನ್ನ ವೃತ್ತಿ ನನಗೆ ಕಲಿಸಿತು.