ಗಾಜಿನ ಮೇಲಿನ ಮೂರು ಪಟ್ಟೆ

ಇವತ್ತು ಬೆಳಿಗ್ಗೆ ಪೂಜೆ ಮುಗಿಸಿ ಕಿಟಕಿಯ ಹತ್ತಿರ ಕುಳಿತು ಕನ್ನಡಕ ಏರಿಸಿದರೆ, ಎದುರುಮನೆಯ ಗೋಡೆಗೆಲ್ಲ ಜೇಡರಬಲೆ ಕಟ್ಟಿದಂತೆ ಕಂಡಿತು. ತೆಗೆದು ಬಿಸಿಲಿಗೆ ಹಿಡಿದೆ. ಗಾಜಿನ ತುಂಬ ಕೂದಲೆಳೆಯಂಥ ಗೀರುಗಳು. ನಾನು ಹಿಂದೆಮುಂದೆ ನೋಡಲಿಲ್ಲ.

"ಯಾಕವ್ವ, ನನ್ನ ಕನ್ನಡಕ ನೀನ ಒರಸಿದ್ದೇನು? ಎಂಥಾ ಒರಟು ಕೈ ನಿಂದು!" ಎಂದು ಅಡುಗೆಮನೆಯಲ್ಲಿದ್ದ ಸೊಸೆಗೆ ಕೇಳುವಂತೆ ಕೂಗಿದೆ.

ಅವಳು ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಜೋರಾಯಿತು. ಪಡಸಾಲೆಯಲ್ಲಿದ್ದ ಮಗ ಪತ್ರಿಕೆಯನ್ನು ಮುಖ ಮುಚ್ಚುವಷ್ಟು ಮೇಲಕ್ಕೆತ್ತಿದ.

ಒರಟು ಕೈ. ಆಡಿದ ಮೇಲೆ ಆ ಮಾತು ನನ್ನ ಕಿವಿಗೇ ಬಂದು ಬಡಿಯಿತು. ಅದು ನನಗೆ ಹೊಸದಲ್ಲ. ನಾನು ಸೊಸೆಯಾಗಿದ್ದಾಗ ಅದನ್ನು ಕೇಳಿಸಿಕೊಂಡವಳು. ಅವತ್ತು ಹತ್ತಿದ ಸಿಟ್ಟು ಇವತ್ತಿಗೂ ಆರಿಲ್ಲ. ದೇವರ ಮುಂದೆ ಕೂಡುವವಳಿಗೆ ಇಷ್ಟು ಸಿಟ್ಟು ಸಲ್ಲದು ಅನ್ನುತ್ತೀರಿ. ನಿಜ. ಹಂಪಿಯ ಪಂಪಾಪತಿಗೆ ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ನನ್ನಿಂದ ಅವನು ಏನೇನೋ ತೆಗೆದುಕೊಂಡ, ಇದೊಂದನ್ನು ನನಗೇ ಬಿಟ್ಟ.

ಆಗ ಹೊಸಪೇಟೆ ಮದರಾಸಿನವರ ಆಳ್ವಿಕೆಯಲ್ಲಿತ್ತು. ನಮ್ಮ ಮಾವನವರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಮನೆ ಮಾತ್ರ ಹೊಸಪೇಟೆಯಲ್ಲಿ. ಸಂಡೂರಿನ ಗಣಿಯಲ್ಲಿದ್ದ ಒಬ್ಬ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ಅವನ ಮೋಟಾರನ್ನು ಮಾವನವರು ಕೊಂಡರು. ಅದು ಅಂಗಳಕ್ಕೆ ಬಂದ ದಿನ ಅತ್ತೆಯವರು ಆರತಿ ಎತ್ತಿ, ದೃಷ್ಟಿ ತೆಗೆದು, "ಮನಿಗೆ ಲಕ್ಷ್ಮಿ ಬಂದಾಳ. ಆಳುಮಕ್ಕಳು ತೊಳಿಯೋದು ಬ್ಯಾಡ, ಸೊಸಿ ತೊಳಿಲಿ" ಅಂದರು. ಲಕ್ಷ್ಮಿ ಬಂದದ್ದು ಅವರ ಮನೆಗೆ. ನೀರು ಹೊತ್ತದ್ದು ನಾನು. ತವರು ಬಂಡ್ರಿಯಲ್ಲಿ ಎಮ್ಮೆ ಮೈ ತೊಳೆದು ಬೆಳೆದವಳಿಗೆ ಮೋಟಾರೇನು ಹೆಚ್ಚು ಅನ್ನಿ. ಇದು ಬಾಲ ಬೀಸಿ ಮುಖಕ್ಕೆ ಹೊಡೆಯುತ್ತಿರಲಿಲ್ಲ, ಅಷ್ಟು ಪುಣ್ಯ.

ಮಾವನವರು ದೊಡ್ಡ ಶಿವಭಕ್ತರು. ಸೋಮವಾರ ಬಂತೆಂದರೆ ವಿಭೂತಿ ಗಟ್ಟಿ ತೇಯ್ದು, ಮೋಟಾರಿನ ಮುಂದಿನ ಗಾಜಿಗೆ ಈ ತುದಿಯಿಂದ ಆ ತುದಿಯವರೆಗೆ ಮೂರು ಬೆರಳಿನಿಂದ ಮೂರು ಪಟ್ಟೆ ಎಳೆಯುತ್ತಿದ್ದರು. ನನ್ನ ಯಜಮಾನರು ಆ ಪಟ್ಟೆಗಳ ಸಂದಿಯಿಂದ ಇಣುಕಿ ಇಣುಕಿ ಮೋಟಾರು ಓಡಿಸುತ್ತಿದ್ದರು. ನಾನು ದಿನಾ ಗಾಜಿಗೆ ನೀರು ಹಾಕಿ ತೊಳೆಯುವಾಗ ಪಟ್ಟೆ ಮಾತ್ರ ಮುಟ್ಟುವಂತಿರಲಿಲ್ಲ. ವಿಭೂತಿ ನೀರಿನೊಡನೆ ನೆಲಕ್ಕೆ ಹರಿದು ಕಾಲಿಗೆ ಸಿಕ್ಕರೆ ಪಾಪವಲ್ಲವೇ? ಮುಂದಿನ ಸೋಮವಾರ ಮಾವನವರೇ ಬಂದು, ಒಣಗಿದ ಪಟ್ಟೆಯನ್ನು ತಮ್ಮ ಶಲ್ಯದಿಂದ ತಿಕ್ಕಿ ತಿಕ್ಕಿ ಒರೆಸಿ, ಶಲ್ಯವನ್ನು ಬಿಲ್ವದ ಗಿಡದ ಬುಡದಲ್ಲಿ ಕೊಡವಿ, ಹೊಸ ಪಟ್ಟೆ ಎಳೆಯುವರು. ಅವರ ಭಕ್ತಿಯನ್ನು ನಾನು ಹಳಿಯುತ್ತಿಲ್ಲ. ಮುಂದೆ ಕೇಳಿ.

ಒಂದು ಸೋಮವಾರ ಸಂಜೆ ಹಂಪಿಯಲ್ಲಿ ದರ್ಶನ ಮುಗಿಸಿ ಎಲ್ಲರೂ ಮರಳುತ್ತಿದ್ದೆವು. ದಾರಿಯಲ್ಲಿ ಒಂದು ಅಡ್ಡಮಳೆ ಹೊಡೆದು ಪಟ್ಟೆಗಳನ್ನು ತೊಳೆದುಕೊಂಡು ಹೋಯಿತು. ಹಿಂದೆಯೇ ಬಿಸಿಲು ಬಂತು, ನೇರ ಮುಖಕ್ಕೆ. ಗಾಜೆಲ್ಲ ಧಗ್ಗೆಂದು ಹೊತ್ತಿಕೊಂಡಂತಾಗಿ ರಸ್ತೆಯೇ ಕಾಣದಾಯಿತು. ಎದುರಿಗೆ ಬಂದ ಕಬ್ಬಿನ ಬಂಡಿಗೆ ಇನ್ನೇನು ಗುದ್ದಬೇಕು, ಯಜಮಾನರು ಮೋಟಾರನ್ನು ಕಾಲುವೆಯ ಏರಿಯ ಕಡೆ ತಿರುಗಿಸಿ ನಿಲ್ಲಿಸಿದರು. ಎತ್ತುಗಳಿಗೆ ಏನೂ ಆಗಲಿಲ್ಲ. ನಮಗೂ ಏನೂ ಆಗಲಿಲ್ಲ. ಪಂಪಾಪತಿಯ ಆ ಉಪಕಾರವನ್ನು ಈಗಲೂ ನೆನೆಯುತ್ತೇನೆ.

ಅತ್ತೆಯವರು ಕೆಳಗಿಳಿದು ಗಾಜನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ತಾಮ್ರದ ಹಂಡೆ ತಿಕ್ಕಿದಂಗ ಬೂದಿ, ನಾರು ಹಾಕಿ ತಿಕ್ಯಾಳ. ಬಂಡ್ರಿ ಹುಡುಗಿಗೆ ಗಾಜು ಏನು ಗೊತ್ತು?"

"ಇಲ್ರಿ ಅತ್ತಿ, ನಾನು ಬರೇ ನೀರು..."

"ಬಾಯಿ ಮುಚ್ಚು. ಒರಟು ಕೈ ನಿಂದು. ನಾಳಿಂದ ದೇವರ ಸಾಮಾನು ನೀನು ಮುಟ್ಟಬ್ಯಾಡ."

ಮೋಟಾರು ತೊಳೆಯುವುದು ತಪ್ಪಿದ್ದರೆ ಬೆನ್ನಿಗೆ ಸುಖವೇ ಇತ್ತು. ಅದು ಮಾತ್ರ ತಪ್ಪಲಿಲ್ಲ! ತಪ್ಪಿದ್ದು ದೇವರ ಮನೆ. ಬೆಳಗಿನ ಜಾವ ಸ್ನಾನ ಮಾಡಿ, ಒದ್ದೆ ಕೂದಲಿನಲ್ಲಿ, ಬೆಳ್ಳಿಯ ಆರತಿ, ಗಿಂಡಿ, ಗಂಟೆ ಇವನ್ನೆಲ್ಲ ಮುಂದಿಟ್ಟುಕೊಂಡು ಬೆಳಗುವ ಆ ಒಂದು ಗಳಿಗೆ ಇತ್ತಲ್ಲ, ಆ ದೊಡ್ಡ ಮನೆಯಲ್ಲಿ ನನ್ನದು ಅನ್ನುವುದಕ್ಕೆ ಅದೊಂದೇ ಇತ್ತು. ಅದು ನನ್ನ ನೆಗೆಣ್ಣಿ, ಮೈದುನನ ಹೆಂಡತಿಯ ಪಾಲಾಯಿತು. ನಾನು ದೇವರ ಮನೆಯ ಹೊಸ್ತಿಲಾಚೆ ನಿಂತು ಕೈ ಮುಗಿಯುವುದಾಯಿತು, ಬಂದ ನೆಂಟರ ಹಾಗೆ.

ಮದರಾಸಿಗೆ ಕಾಗದ ಬರೆದು ಹೊಸ ಗಾಜು ತರಿಸುವುದೆಂದು ಗಂಡಸರಲ್ಲಿ ಮಾತಾಯಿತು. ಅಷ್ಟರಲ್ಲಿ ಪತ್ತಾರ ಕಾಳಪ್ಪ ಅತ್ತೆಯವರ ಸರದ ಕೊಂಡಿ ಬೆಸೆಯಲು ಮನೆಗೆ ಬಂದ. ಬಂಗಾರಕ್ಕೆ ಒಪ್ಪ ಹಾಕುವ ಕೆಂಪು ಪುಡಿ ಅವನ ಚೀಲದಲ್ಲಿತ್ತು. ಗಾಜಿನ ಗೀರು ಇದರಿಂದ ಹೋಗುತ್ತದೆಯೇ ಎಂದು ಕೇಳಿದೆ.

"ಉಗುರು ಆಡಿಸಿ ನೋಡ್ರಿ ಅವ್ವಾರ. ಉಗುರು ಜಾರಿತು ಅಂದ್ರ ಗೀರು ಹೋಗತೈತಿ. ಸಿಕ್ಕೊಂತು ಅಂದ್ರ ಅದು ಹುಟ್ಟುಗುಣ ಇದ್ದಂಗ, ಕೈ ಬಿಡ್ರಿ. ಪುಡಿ ನೀರಾಗ ಕಲಸಿ, ಕಂಬಳಿ ತುಂಡಿನಾಗ ಸಣ್ಣಗ ಸುತ್ತು ತಿಕ್ರಿ. ಒಂದ ಕಡೆ ಕುಂತು ತಿಕ್ಕಿದ್ರ ಗಾಜು ತಗ್ಗು ಬೀಳತೈತಿ, ಆಮ್ಯಾಲ ನಿಮ್ಮ ಯಜಮಾನರಿಗೆ ರಸ್ತೆ ಹಾವು ಹರದಂಗ ಕಾಣತೈತಿ."

ನಾನು ನಕ್ಕೆ. ಅವನು ನಗಲಿಲ್ಲ.

"ಒಣಗಾಕ ಮಾತ್ರ ಬಿಡಬ್ಯಾಡ್ರಿ. ಗಾಜು ಹಾಳಾಗೋದು ಒಣಾ ಧೂಳು ತಿಕ್ಕಿದ್ರಿಂದನ."

ಆ ಮಾತು ನನ್ನೊಳಗೆ ಎಲ್ಲೋ ಹೋಗಿ ಕೂತಿತು.

ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ನಾನು ಅವನು ಕೊಟ್ಟ ಪುಡಿ, ಕಂಬಳಿ ತುಂಡು ಹಿಡಿದು ಅಂಗಳಕ್ಕೆ ಹೋದೆ. ಯಾವ ಗೀರು ಎಲ್ಲಿದೆ ಎಂದು ಮರೆಯದಂತೆ ಗಾಜಿನ ಒಳಮೈಗೆ ಕಾಡಿಗೆಯಿಂದ ಗುರುತು ಹಾಕಿದೆ. ಹಾಕಿ ಮುಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ, ಶಿವನೇ, ಕಾಡಿಗೆಯೆಲ್ಲ ಕೂಡಿ ಮೂರು ಪಟ್ಟೆ! ಈ ತುದಿಯಿಂದ ಆ ತುದಿಗೆ, ಒಂದರ ಕೆಳಗೊಂದು. ನಾನು ನೀರು ಹಾಕಿ ತೊಳೆದ ಕಡೆಯಲ್ಲೆಲ್ಲ ಗಾಜು ತಿಳಿಯಾಗಿತ್ತು. ನನ್ನ ಕೈ ಹೋಗದ ಕಡೆಯಲ್ಲೇ ಗೀರು. ವಾರವಿಡೀ ಸಂಡೂರು ರಸ್ತೆಯ ಕೆಂಪು ಧೂಳು ವಿಭೂತಿಗೆ ಮೆತ್ತಿ ಒಣಗುತ್ತಿತ್ತು. ಸೋಮವಾರ ಶಲ್ಯ ಅದನ್ನೇ ಗಾಜಿಗೆ ಹಾಕಿ ಅರೆಯುತ್ತಿತ್ತು.

ಯಜಮಾನರನ್ನು ಎಬ್ಬಿಸಿ ಕರೆತಂದು ತೋರಿಸಿದೆ. ಅವರು ನೋಡಿದರು. ಆಶ್ಚರ್ಯಪಡಲಿಲ್ಲ.

"ನನಗ ಅವತ್ತ ಗೊತ್ತಾಗಿತ್ತು" ಅಂದರು.

"ಗೊತ್ತಿದ್ದೂ ಸುಮ್ಮನಿದ್ರಿ?"

"ಅಪ್ಪಾಜಿ ಮುಂದ ಹೆಂಗ ಹೇಳ್ಲಿ? ನಿನಗೇನು, ಒಂದು ಮಾತು ತಾನ? ನುಂಗು."

ನುಂಗು! ಅತ್ತೆಯವರ ಮೇಲಿನ ಸಿಟ್ಟು ಆ ಕ್ಷಣಕ್ಕೆ ಬೂದಿಯಾಯಿತು. ಅದಕ್ಕಿಂತ ದೊಡ್ಡದು ಎದ್ದಿತ್ತು. ಅತ್ತೆಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಅಂದರು. ಗೊತ್ತಿದ್ದವರು ನನ್ನ ಪಕ್ಕದಲ್ಲೇ ಕೂತು ಉಂಡು, ನಾನು ಹೊಸ್ತಿಲಾಚೆ ನಿಂತದ್ದನ್ನು ದಿನಾ ನೋಡುತ್ತಿದ್ದರು. ಮೀಸೆ ಬೇರೆ ಇತ್ತು ಮುಖದ ಮೇಲೆ.

ಆ ಕಾಲದಲ್ಲಿ ಸೊಸೆಯಂದಿರು ಮಾವನ ಎದುರಿಗೆ ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಇದ್ದಿದ್ದರೆ ಏನು ಅನ್ನುತ್ತಿದ್ದೆನೋ. ಇರದಿದ್ದದ್ದೂ ದೇವರ ದಯೆಯೇ ಇರಬೇಕು. ಐದು ಮಧ್ಯಾಹ್ನ ತಿಕ್ಕಿದೆ. ರಟ್ಟೆ ಹಿಡಿದುಕೊಂಡಿತು, ಉಗುರುಗಳು ಕುಂಕುಮ ಕಲಸಿದಂತೆ ಕೆಂಪಾದವು. ಮೇಲಿನ ಪಟ್ಟೆ ಹೋಯಿತು. ಕೆಳಗಿನ ಪಟ್ಟೆ ಹೋಯಿತು. ಬೇರೆ ಗುರುತುಗಳನ್ನೆಲ್ಲ ಒರೆಸಿ, ನಡುವಿನ ಪಟ್ಟೆಯನ್ನು ಕಾಡಿಗೆಯ ಸಮೇತ ಹಾಗೆಯೇ ಬಿಟ್ಟೆ. ಬೇಕೆಂದೇ ಬಿಟ್ಟೆ.

ಸೋಮವಾರ ಮಾವನವರು ವಿಭೂತಿ ಬಟ್ಟಲು ಹಿಡಿದು ಬಂದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ತುಳಸಿಕಟ್ಟೆಯ ಹತ್ತಿರ ನಿಂತಿದ್ದೆ. ಅವರು ಬೆರಳು ಅದ್ದಿ ಕೈ ಚಾಚಿದವರು ಹಾಗೇ ನಿಂತರು. ಬಗ್ಗಿ ನೋಡಿದರು. ಕಾಡಿಗೆಯ ಗುರುತಿನುದ್ದಕ್ಕೂ ಉಗುರು ಎಳೆದರು. ಆಮೇಲೆ ಹೆಗಲ ಮೇಲಿನ ಶಲ್ಯವನ್ನು ತೆಗೆದು ಬಿಸಿಲಿಗೆ ಬಿಡಿಸಿ ಹಿಡಿದು ಬಹಳ ಹೊತ್ತು ನೋಡಿದರು. ಬಟ್ಟಲಿನಲ್ಲಿದ್ದ ವಿಭೂತಿಯನ್ನು ತಮ್ಮ ಹಣೆಗೇ ಹಚ್ಚಿಕೊಂಡು ಒಳಗೆ ಹೋದರು.

ಮರುದಿನ ಅತ್ತೆಯವರು ದೇವರ ಸಾಮಾನಿನ ಬುಟ್ಟಿಯನ್ನು ನನ್ನ ಮುಂದೆ ಕುಕ್ಕಿದರು. "ನಿಮ್ಮ ಮಾವಾರು ಹೇಳ್ಯಾರ, ಇನ್ನ ಮ್ಯಾಲ ಇದು ನಿಂದ ಅಂತ."

"ಯಾಕಂತ್ರಿ?"

"ಯಾಕಂತ ಹೇಳಿಲ್ಲ."

ಹೇಳಲಿಲ್ಲ. ಮಾವನವರೂ ಹೇಳಲಿಲ್ಲ, ಅತ್ತೆಯೂ ಕೇಳಲಿಲ್ಲ, ಯಜಮಾನರಂತೂ ಆ ಮಾತೇ ತೆಗೆಯಲಿಲ್ಲ. ಬುಟ್ಟಿ ಬಂತು, ತಪ್ಪಾಯಿತು ಅನ್ನುವ ಒಂದು ಮಾತು ಬರಲಿಲ್ಲ. ಬೆಳ್ಳಿ ಗಿಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡು ಕಣ್ಣೀರು ಹಾಕಿದೆ, ಆದರೂ ಸಿಟ್ಟು ಹೋಗಲಿಲ್ಲ. ನಡುವಿನ ಪಟ್ಟೆಯ ಕಾಡಿಗೆ ಒರೆಸಿದೆನೇ ಹೊರತು ಗೀರು ತಿಕ್ಕಲಿಲ್ಲ. ಹೊಸ ಗಾಜಿನ ಮಾತನ್ನು ಯಾರೂ ಎತ್ತಲಿಲ್ಲ. ಆ ಮೋಟಾರು ಮಾರುವವರೆಗೆ ನನ್ನ ಯಜಮಾನರು ಸಂಜೆ ಬಿಸಿಲಿನಲ್ಲಿ ಆ ಗೀರುಗಳ ಕೆಳಗಿನಿಂದ ಕತ್ತು ಬಗ್ಗಿಸಿ ರಸ್ತೆ ನೋಡಿದರು. ನಾನು ಹಿಂದೆ ಕೂತು ಅದನ್ನು ನೋಡಿದೆ.

ಇಷ್ಟೆಲ್ಲ ನೆನೆಯುವ ಹೊತ್ತಿಗೆ ಎದುರುಮನೆಯ ಗೋಡೆ ಮಬ್ಬಾಯಿತು. ಕನ್ನಡಕ ತೆಗೆದು, ದಿನಾ ಮಾಡುವ ಹಾಗೆ, ಒಣ ಸೆರಗಿನ ತುದಿಯಿಂದಲೇ ಗಸಗಸ ಒರೆಸಿದೆ. ಒರೆಸುತ್ತ ಸೆರಗಿನ ಕಡೆ ಕಣ್ಣು ಹೋಯಿತು. ಬೆಳಿಗ್ಗೆ ವಿಭೂತಿ ಹಚ್ಚಿದ ಬೆರಳು ಒರೆಸಿಕೊಂಡ ಸೆರಗು ಅದು. ಬೂದಿ, ಅದರ ಮೇಲೆ ಬೀದಿಯ ಕೆಂಪು ಧೂಳು.

ನನ್ನ ಕೈ ನಿಂತಿತು. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರುವುದು ಎಷ್ಟು ಸುಲಭ ಎಂಬುದು ಆಗ ತಿಳಿಯಿತು. ಮಾವನವರ ಮೇಲೆ ಮೊದಲ ಸಲ ಒಂದಿಷ್ಟು ಕನಿಕರ ಬಂತು. ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಆ ಸಿಟ್ಟೇ ನನ್ನನ್ನು ಎಬ್ಬಿಸಿ ಅಡುಗೆಮನೆಗೆ ನಡೆಸಿತು.

"ಗೀರು ಬಿದ್ದದ್ದು ನನ್ನ ಕೈಯಿಂದವ್ವ. ಒಣಾ ಸೆರಗಿನಾಗ ನಾನ ಒರಸಿ ಕೆಡಿಸೀನಿ. ನಿನಗ ಅಂದದ್ದು ತಪ್ಪಾತು."

ಸೊಸೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಪಡಸಾಲೆಯ ಕಡೆ ತೋರಿಸಿದಳು.

"ಇನ್ನೊಮ್ಮೆ ಜೋರಾಗಿ ಹೇಳ್ರಿ ಅತ್ತಿ. ಪತ್ರಿಕಿ ಹಿಂದ ಕುಂತಾರಲ್ಲ, ಅವ್ರಿಗೂ ಕೇಳ್ಲಿ. ಕನ್ನಡಕ ನಾನು ಮುಟ್ಟೋದಿಲ್ಲ ಅಂತ ಅವ್ರಿಗೆ ಗೊತ್ತಿತ್ತು."

ಪಡಸಾಲೆಯ ಬಾಗಿಲಿಗೆ ಹೋಗಿ ನಿಂತೆ. ಮಗನ ಕೈಯಿಂದ ಪತ್ರಿಕೆ ಕಿತ್ತುಕೊಂಡು, ಇನ್ನೊಮ್ಮೆ ಹೇಳಿದೆ. ಜೋರಾಗಿಯೇ ಹೇಳಿದೆ.