ಕಲೆಯಿದ್ದ ತಾಯಿಮೀನು

ಚಂದದ ಮೀನನ್ನೆಲ್ಲ ಮಾರಿ, ಮೈಮೇಲೆ ಹುಣ್ಣಿನ ಕಲೆಯಿದ್ದದ್ದನ್ನೇ ತಳಿಗೆ ಉಳಿಸಿಕೊಳ್ಳುವವನೊಬ್ಬ ಬ್ರಹ್ಮಾವರದಲ್ಲಿದ್ದಾನೆ ಎಂದು ಕೇಳಿದ ದಿನ, ಮೀನು ಮಾರುವ ಮುದುಕಿ ಸುಗುಣಕ್ಕ ಬಸ್ಸಿನಲ್ಲೇ ಬಿದ್ದು ಬಿದ್ದು ನಕ್ಕಿದ್ದರು. ಆ ಮೀನು ಸಾಕುವವ ಸುಧಾಕರ, ಮದುವೆಯೂಟಕ್ಕೆ ಕೂತರೂ, ‘ಹೆಣ್ಣ್ ಚಂದ ಇತ್ತ್, ಅಬ್ಬಿ ಬದಿಯವ್ರ್ ಕಾಯ್ಲೆ ತಡಿತ್ರಾ?’ ಎಂದು ಮದುಮಗಳ ತಾಯಿಯ ಕಡೆಯವರ ಬಗ್ಗೆ ಕೇಳಿ ಹೆಂಡತಿಯಿಂದ ತಿವಿಸಿಕೊಳ್ಳುವವ. ಮೈಯಲ್ಲಿ ಹುಣ್ಣೇಳುವ ರೋಗ ಬಂದು ಕೆರೆಯ ಮೀನು ಹೆಚ್ಚುಕಡಿಮೆ ಎಲ್ಲ ಸತ್ತ ವರ್ಷ ಬದುಕುಳಿದ ಹನ್ನೊಂದನ್ನು ಜೋಪಾನ ಮಾಡಿ, ಒಂದೊಂದು ತಾಯಿಯ ಮರಿಯನ್ನೂ ಬೇರೆ ಬೇರೆ ಬಲೆಗೂಡಿನಲ್ಲಿ ಬೆಳೆಸುತ್ತಿದ್ದ. ‘ಹ್ವಾಯ್, ಆ ಕಲೆ ಮೀನ್ ಇಟ್ಕಂಡ್ ಎಂತ ಮಾಡ್ತ್ರಿ?’ ಎಂದು ಮೀನು ಕೊಳ್ಳಲು ಹೋದ ಸುಗುಣಕ್ಕ ಛೇಡಿಸಿದರೆ, ‘ಬದ್ಕಿದ್ದ್ ಅದೇ ಅಲ್ದಾ ಅಕ್ಕ? ಮರಿಗೂ ಆ ಗುಣ ಬತ್ತ್’ ಎನ್ನುತ್ತಿದ್ದ. ಈ ಸಲ ದೀಪಾವಳಿ ಕಳೆದದ್ದೇ ಹುಣ್ಣು ಮತ್ತೆ ಬಂತು. ಆಚೀಚೆಯ ಕೆರೆಗಳಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದವು; ಸುಧಾಕರ ಊಟ ಬಿಟ್ಟು ದಂಡೆಯಲ್ಲೇ ಕೂತ. ಅವನ ಗೂಡುಗಳಲ್ಲೂ ಮರಿ ಸತ್ತವು. ಮೈತುಂಬ ಕಲೆಯಿದ್ದ ಒಂದು ತಾಯಿಯ ಮರಿಗಳು ಮಾತ್ರ ಈಜುತ್ತಲೇ ಇದ್ದವು. ಸುಗುಣಕ್ಕ ಸಣ್ಣವರಿದ್ದಾಗ ಸಿಡುಬು ಬಂದು ಒಡಹುಟ್ಟಿದ ನಾಲ್ವರೂ ಹೋಗಿ, ಮುಖದ ತುಂಬ ಕಲೆ ಹೊತ್ತು ಅವರೊಬ್ಬರೇ ಉಳಿದಿದ್ದರು. ಆ ಕಲೆ ನೋಡಿಯೇ ಮೊದಲ ಸಂಬಂಧ ಮುರಿದಿತ್ತು. ಮೀನು ಕೊಳ್ಳಲು ಬಂದು ಆ ಗೂಡಿನ ಬಳಿ ನಿಂತ ಅವರ ಮುಖವನ್ನೇ ಸುಧಾಕರ ನೋಡಿ, ಕೊನೆಗೆ ಮೆಲ್ಲಗೆ ಕೇಳಿದ: ‘ಅಕ್ಕ, ಆ ತಾಯಿಮೀನಿಗೆ ನಿಮ್ ಹೆಸ್ರ್ ಇಡ್ಲಾ?’