ಬೇಡವೆಂದು ವಾಪಸ್ ಬಂದ ಇನ್‌ಕ್ರಿಮೆಂಟ್

ಗೆಳೆಯರೇ, ಪೀಣ್ಯದ ಈ ಕಾರ್ಖಾನೆಯಲ್ಲಿ ಎಚ್‌ಆರ್ ಆಗಿ ಹನ್ನೊಂದು ವರ್ಷವಾಯಿತು. ಸಂಬಳ ಸಾಲದೆಂದು ಜಗಳವಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿಸಬೇಡಿ ಎಂದು ಕೈಮುಗಿದವರನ್ನು ನೋಡಿದ್ದು ಇವತ್ತೇ.

ಬೆಳಿಗ್ಗೆ ಟೀ ಹೊತ್ತಿಗೆ ನಮ್ಮ ಮಾಲೀಕರು ಪೇಪರ್ ಮಡಚಿ ಮೇಜಿನ ಮೇಲೆ ಕುಕ್ಕಿದರು.

“ಎಲ್ಲರ ಮಕ್ಕಳಿಗೂ ಸರ್ಕಾರವೇ ಆರೋಗ್ಯ ವಿಮೆ ಮಾಡಿಸ್ಬೇಕಂತೆ! ದುಡ್ಡು ಎಲ್ಲಿಂದ ಬರುತ್ತೆ ಅಂತ ಒಬ್ರಾದ್ರೂ ಹೇಳ್ತಾರೇನ್ರೀ?”

“ಸಿಗರೇಟಿಗೆ ಇನ್ನಷ್ಟು ಟ್ಯಾಕ್ಸ್ ಹಾಕ್ಲಿ ಸಾರ್,” ಎಂದೆ. ಅವರು ಕೈಯಲ್ಲಿದ್ದ ಸಿಗರೇಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ಹತ್ತು ನಿಮಿಷವೂ ಆಗಿಲ್ಲ, ಲೇತ್ ಆಪರೇಟರ್ ಮಂಜಣ್ಣ ಒಳಗೆ ಬಂದು, ನಿನ್ನೆ ನಾನೇ ಕೊಟ್ಟಿದ್ದ ಇನ್‌ಕ್ರಿಮೆಂಟ್ ಲೆಟರನ್ನು ಮೇಜಿನ ಮೇಲಿಟ್ಟರು.

“ಮೇಡಂ, ಇದು ಬ್ಯಾಡ. ವಾಪಸ್ ತಗಳಿ.”

“ಯಾಕ್ರೀ, ಕಡಿಮೆ ಆಯ್ತಾ?”

“ಜಾಸ್ತಿ ಆಯ್ತು ಮೇಡಂ. ಇಷ್ಟು ಸಂಬಳ ಬಂದ್ರೆ ಮಿತಿ ದಾಟಿ ಇಎಸ್‌ಐ ವಿಮೆ ಕಾರ್ಡ್ ಹೋಯ್ತದೆ. ಆ ಕಾರ್ಡಲ್ಲೇ ಮಗಳಿಗೆ ತಿಂಗ್ಳು ತಿಂಗ್ಳೂ ರಕ್ತ ಹಾಕಿಸ್ತಿರೋದು. ಪ್ರೈವೇಟ್ ಆಸ್ಪತ್ರೆ ನನ್ ಕೈಲಾಗಲ್ಲ.”

ಆ ಮಿತಿಯನ್ನು ನೋಡಿಕೊಳ್ಳಬೇಕಾದವಳು ನಾನೇ. ಮಂಜಣ್ಣನಿಗೆ ಹಟ ಹಿಡಿದು ಹೆಚ್ಚಿಗೆ ಕೊಡಿಸಿದೆನೆಂದು ನಿನ್ನೆ ಮನೆಯಲ್ಲಿ ಜಂಬ ಬೇರೆ ಕೊಚ್ಚಿಕೊಂಡಿದ್ದೆ.

ಮಾಲೀಕರಿಗೆ ಮಾತ್ರ ಮುಖವೆಲ್ಲ ನಗು. “ಆಗ್ಲಿ ಬಿಡಪ್ಪ, ನಿನ್ನಿಷ್ಟ,” ಎಂದು ಲೆಟರನ್ನು ತಮ್ಮ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

ಮಕ್ಕಳ ವಿಮೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದರಲ್ಲ, ಉತ್ತರ ಈಗ ಅವರ ಡ್ರಾಯರಿನಲ್ಲೇ ಇದೆ.